ಮುಯ್ಯಿ ಪುಸ್ತಕವನ್ನು ಓದುವ ಬಗೆ

ಹಳೆಯ ಮೈಸೂರು ಸೀಮೆಯ ಮದುವೆಗಳಲ್ಲಿ ಊಟದ ಮನೆಗೆ ಹೋಗುವ ದಾರಿಯಲ್ಲೋ ಮಂಟಪದ ಪಕ್ಕದಲ್ಲೋ ಮನೆಯವರ ನಂಬಿಕೆಯ ನೆಂಟರೊಬ್ಬರು ನೋಟ್‌ಬುಕ್ ಹಿಡಿದು ಕುಳಿತಿರುತ್ತಾರೆ. ಯಾವ ಊರಿನ ಯಾರು ಎಷ್ಟು ಕೊಟ್ಟರು ಎಂಬುದು ಅದರಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರು ಸೇರಿ, ಮುಂದೆ ಇನ್ನೊಬ್ಬರ ಮನೆಯ ಲಗ್ನಪತ್ರಿಕೆ ಬಂದಾಗ ಮಾತ್ರ ಹೊರಬರುತ್ತದೆ. ಸಮಾಜವಿಜ್ಞಾನ ನಮ್ಮ ದಿನನಿತ್ಯದ ಬದುಕನ್ನು ಹೇಗೆ ವಿವರಿಸುತ್ತದೆ ಎಂದು ತಿಳಿಯಬಯಸುವವರು ಈ ಮುಯ್ಯಿ ಪುಸ್ತಕದಿಂದಲೇ ಆರಂಭಿಸಬಹುದು. ಪಠ್ಯಪುಸ್ತಕದ ವ್ಯಾಖ್ಯೆಗಳನ್ನು ಆಮೇಲೆ ಓದಿದರೂ ನಷ್ಟವಿಲ್ಲ.

ಮೊದಲು ಪದವನ್ನೇ ಗಮನಿಸಿ. ಮದುವೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ. ಇಂದು ನಿಮ್ಮ ಗದ್ದೆಯಲ್ಲಿ ನಾಟಿಗೆ ಬಂದು, ನಾಳೆ ತಮ್ಮ ಗದ್ದೆಗೆ ನಿಮ್ಮನ್ನು ಕರೆಯುವವರು ಮುಯ್ಯಾಳುಗಳು. ಸೇಡು ತೀರಿಸಿಕೊಳ್ಳುವುದಕ್ಕೂ ನಾವು ಮುಯ್ಯಿ ತೀರಿಸಿಕೊಳ್ಳುವುದು ಎಂದೇ ಹೇಳುತ್ತೇವೆ. ಪ್ರೀತಿ, ದುಡಿಮೆ, ದ್ವೇಷ ಈ ಮೂರಕ್ಕೂ ಭಾಷೆ ಒಂದೇ ಪದವನ್ನು ಬಳಸುತ್ತಿರುವುದು, ಪಡೆದದ್ದನ್ನು ಹಿಂದಿರುಗಿಸಲೇಬೇಕೆಂಬ ಒಂದೇ ಹೊಣೆ ಇವುಗಳ ಅಡಿಯಲ್ಲಿರುವುದರಿಂದ. ಫ್ರಾನ್ಸಿನ ಸಮಾಜವಿಜ್ಞಾನಿ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ಉಡುಗೊರೆಯ ಕುರಿತ ತಮ್ಮ ಪ್ರಬಂಧದಲ್ಲಿ, ಪಾಲಿನೇಷ್ಯಾ, ಮೆಲನೇಷ್ಯಾ ಮತ್ತು ವಾಯವ್ಯ ಅಮೆರಿಕದ ಸಮುದಾಯಗಳ ವಿವರಗಳನ್ನು ಮುಂದಿಟ್ಟುಕೊಂಡು, ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಕಟ್ಟುಪಾಡುಗಳೇ ಎಂದು ವಾದಿಸಿದರು. ಮೈಸೂರಿನಲ್ಲಿ ಹುಟ್ಟಿದ ಸಮಾಜವಿಜ್ಞಾನಿ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂದು ಹೆಸರಿಟ್ಟು ಅಧ್ಯಯನ ಮಾಡಿದ ಹಳ್ಳಿಯಲ್ಲಿಯೂ ಕೊಡುಕೊಳ್ಳುವಿಕೆಯ ಈ ಲೆಕ್ಕಕ್ಕೆ ದೊಡ್ಡ ಸ್ಥಾನವಿತ್ತು.

ನಿಮ್ಮ ಮನೆಯ ಮುಯ್ಯಿ ಪುಸ್ತಕವನ್ನು ಓದಲು ಪಡೆಯುವ ಮುನ್ನ ಹಿರಿಯರ ಒಪ್ಪಿಗೆ ಪಡೆಯಿರಿ, ಏಕೆಂದರೆ ಅದರಲ್ಲಿ ಬೇರೆಯವರ ಮಾನದ ಪ್ರಶ್ನೆಯೂ ಇದೆ. ಹೆಸರುಗಳ ಬದಲು ಸಂಖ್ಯೆಗಳನ್ನು ಹಾಕಿ, ಊರು, ಸಂಬಂಧ, ಕಸುಬು, ಮೊತ್ತ ಅಥವಾ ವಸ್ತು ಎಂಬ ಅಂಕಣಗಳಲ್ಲಿ ನಕಲು ಮಾಡಿಕೊಳ್ಳಿ. ನಕಲನ್ನು ಎರಡು ಕಡೆ ಇಡುವುದು ಒಳ್ಳೆಯದು: 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಶ್ರೀನಿವಾಸ್ ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋಗಿ, ಅವರು ರಾಂಪುರದ ಕುರಿತ ತಮ್ಮ ಪುಸ್ತಕವನ್ನು ಬಹುಮಟ್ಟಿಗೆ ನೆನಪಿನಿಂದಲೇ ಬರೆಯಬೇಕಾಯಿತು.

ಮುಂದಿನ ಕೆಲಸ ಮೊತ್ತಗಳನ್ನು ಹೋಲಿಸುವುದು. ಇಪ್ಪತ್ತು ವರ್ಷದ ಹಿಂದಿನ 101 ರೂಪಾಯಿಯನ್ನು ಇಂದಿನ 1,001 ರೂಪಾಯಿಯ ಪಕ್ಕದಲ್ಲಿ ನೇರವಾಗಿ ಇಟ್ಟರೆ ತಪ್ಪು ತಿಳಿವಳಿಕೆಯಾಗುತ್ತದೆ. ಆಯಾ ವರ್ಷ ನಿಮ್ಮ ಊರಿನಲ್ಲಿದ್ದ ದಿನಗೂಲಿ ಎಷ್ಟೆಂದು ಹಿರಿಯರಲ್ಲಿ ಕೇಳಿ, ಆ ಮೊತ್ತ ಎಷ್ಟು ದಿನದ ಕೂಲಿಗೆ ಸಮ ಎಂದು ಲೆಕ್ಕ ಹಾಕಿ. ಬಳಿಕ, ಕೊಟ್ಟವರ ಮನೆಯ ಮದುವೆಗೆ ನಿಮ್ಮವರು ಎಷ್ಟು ಹಿಂದಿರುಗಿಸಿದರು ಎಂದು ಹುಡುಕಿ. ಪಡೆದಷ್ಟನ್ನೇ ಕೊಟ್ಟರೆ ಲೆಕ್ಕ ಮುಗಿದಂತೆ ಕಾಣುತ್ತದೆ, ತುಸು ಹೆಚ್ಚು ಕೊಟ್ಟರೆ ಎದುರಿನವರು ಮತ್ತೆ ಋಣಕ್ಕೆ ಬಿದ್ದು ಬಾಂಧವ್ಯ ಮುಂದುವರಿಯುತ್ತದೆ. ಹಿಂದಿರುಗಿಸಲು ಸಾಧ್ಯವೇ ಇಲ್ಲದಷ್ಟು ದೊಡ್ಡ ಲಕೋಟೆ ಕೊಟ್ಟವರಿದ್ದರೆ ಅವರನ್ನು ಪ್ರತ್ಯೇಕವಾಗಿ ಗುರುತಿಸಿ. ಅವರು ಜಮೀನ್ದಾರರೋ ಗುತ್ತಿಗೆದಾರರೋ ಚುನಾವಣೆಗೆ ನಿಲ್ಲುವವರೋ ಆಗಿದ್ದರೆ, ಅವರ ಮುಯ್ಯಿ ಹಣದ ರೂಪದಲ್ಲಿ ಹಿಂದಿರುಗಬೇಕಾಗಿಲ್ಲ. ನಿಷ್ಠೆಯಾಗಿ, ದುಡಿಮೆಯಾಗಿ, ಮತವಾಗಿ ಹಿಂದಿರುಗಬಹುದು. ಇದು ಇನ್ನೂ ಊಹೆಯಷ್ಟೆ, ಮನೆಯವರೊಡನೆ ಮಾತನಾಡಿ ಪರೀಕ್ಷಿಸಬೇಕು.

ಮಾತನಾಡುವಾಗ ಗಂಡಸರನ್ನು ಮಾತ್ರ ಕೇಳಬೇಡಿ. ದಂಪತಿಗಳು ಒಟ್ಟಿಗೆ ಬಂದು ಕೊಟ್ಟರೂ ಪುಸ್ತಕದಲ್ಲಿ ಬಹುಪಾಲು ಗಂಡಸಿನ ಹೆಸರೇ ಇರುತ್ತದೆ. ತವರಿನವರು ತಂದ ಸೀರೆ, ಕುಪ್ಪಸದ ಕಣ, ಬೆಳ್ಳಿಯ ದೀಪ ಮುಂತಾದವು ಎಷ್ಟೋ ವೇಳೆ ದಾಖಲಾಗುವುದೇ ಇಲ್ಲ. ಆದರೂ ಯಾರು ಯಾವ ಸೀರೆ ಕೊಟ್ಟರೆಂಬುದನ್ನು ನಮ್ಮ ಅಜ್ಜಿಯಂದಿರು ಬಣ್ಣ, ಅಂಚು ಸಹಿತ ಹೇಳಬಲ್ಲರು. ಬರಹಕ್ಕೆ ಇಳಿಯದ ಈ ಎರಡನೆಯ ಲೆಕ್ಕವನ್ನು ಕೇಳಿ ಬರೆದುಕೊಳ್ಳದಿದ್ದರೆ ಅಧ್ಯಯನ ಅರ್ಧಕ್ಕೇ ನಿಲ್ಲುತ್ತದೆ. ಇತ್ತೀಚಿನ ಲಗ್ನಪತ್ರಿಕೆಗಳಲ್ಲಿ ಕಾಣುವ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿಗೂ ಒಂದೇ ಕಾರಣ ಹುಡುಕಬೇಡಿ: ಅದು ಸಿರಿವಂತಿಕೆಯ ಪ್ರದರ್ಶನವಿರಬಹುದು, ಋಣಕ್ಕೆ ಬೀಳುವ ಅಂಜಿಕೆಯೂ ಇರಬಹುದು.

ಒಂದು ಮನೆಯ ಪುಸ್ತಕದಿಂದ ಊರಿನ ಬಗ್ಗೆ ತೀರ್ಮಾನಕ್ಕೆ ಬರುವುದು ಆತುರವಾಗುತ್ತದೆ. ಹೋಲಿಕೆಯಿಂದ ಏನು ಹೊರಬೀಳಬಲ್ಲದು ಎಂಬುದಕ್ಕೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನವನ್ನು ನೋಡಬಹುದು. ಕಾಲುವೆಯ ನೀರು ಬಂದು ಕಬ್ಬು ಬೆಳೆದು ಶ್ರೀಮಂತವಾದ ಹಳ್ಳಿಯಲ್ಲಿ ಒಕ್ಕಲಿಗರು ಹಾಗೂ ದಲಿತ ಆಳುಗಳ ನಡುವಿನ ವಂಶಪಾರಂಪರ್ಯ ಸಂಬಂಧ ಹೆಚ್ಚು ಕದಲಲಿಲ್ಲ. ಎತ್ತರದಲ್ಲಿದ್ದ ಕಾರಣ ನೀರು ಹತ್ತದ ಇನ್ನೊಂದು ಹಳ್ಳಿಯವರು ದುಡಿಮೆಗಾಗಿ ಹೊರಗೆ ಹೋಗಬೇಕಾಗಿ ಬಂದು, ಹಳೆಯ ಕಟ್ಟುಪಾಡುಗಳು ಸಡಿಲವಾದದ್ದು ಅಲ್ಲಿಯೇ. ಹಣ ಬಂದರೆ ಸಮಾಜ ತಾನಾಗಿ ಬದಲಾಗುತ್ತದೆಂದು ನಂಬುವವರು ಈ ಎರಡು ಹಳ್ಳಿಗಳ ಕಥೆಯನ್ನು ಓದಲೇಬೇಕು.

ಕೊನೆಗೆ, ಪುಸ್ತಕದಲ್ಲಿ ಇಲ್ಲದ ಹೆಸರುಗಳ ಪಟ್ಟಿ ಮಾಡಿ. ಊರಿನ ಮನೆಗಳನ್ನು ಕೇರಿಯ ಪ್ರಕಾರ ಬರೆದು, ಮುಯ್ಯಿ ಬಂದ ಮನೆಗಳಿಗೆ ಗುರುತು ಹಾಕಿದರೆ, ಮದುವೆಯ ಚಪ್ಪರ ಹಾಕಿದವರ, ತಮಟೆ ಬಾರಿಸಿದವರ, ಪಾತ್ರೆ ತೊಳೆದವರ ಕೇರಿ ಖಾಲಿಯಾಗಿ ಉಳಿಯುವುದುಂಟು. ಅವರಿಗೆ ಕರೆಯೋಲೆ ಹೋಗಿರಲಿಲ್ಲವೇ, ಹೋಗಿದ್ದರೂ ಅವರು ತಂದದ್ದನ್ನು ಬರೆಯಲಿಲ್ಲವೇ ಎಂಬುದನ್ನು ನಿಮ್ಮ ಮನೆಯವರಿಂದ ತಿಳಿದರೆ ಸಾಲದು. ಆ ಕೇರಿಗೇ ಹೋಗಿ, ಅವರ ಮನೆಯ ಮದುವೆಗಳಿಗೆ ನಿಮ್ಮವರು ಯಾರಾದರೂ ಹೋಗಿದ್ದರೇ ಎಂದು ಕೇಳಬೇಕು.