ಅಸ್ಥಿಗೊಂದು ಕಲ್ಲಿನ ಭರಣಿ: ನಾನು ಕೆತ್ತಿದ ಬಗೆ

ಅಪ್ಪ ತೀರಿಕೊಂಡಿದ್ದು ಆಷಾಢದಲ್ಲಿ. ಮೂರನೇ ದಿನ ಅಸ್ಥಿ ಆರಿಸಿ ಮಣ್ಣಿನ ಕುಡಿಕೆಗೆ ಹಾಕಿ, ಬಿಳಿ ಬಟ್ಟೆ ಕಟ್ಟಿ, ಹಿತ್ತಲಿನ ಹಲಸಿನ ಮರಕ್ಕೆ ನೇತುಹಾಕಿದೆವು. ಮನೆಯೊಳಗೆ ತರುವ ಹಾಗಿಲ್ಲ ಅಲ್ವಾ. ವಿದೇಶದಲ್ಲಿದ್ದ ತಂಗಿ ಬರಲು 18 ದಿನ ಹಿಡಿಯಿತು. ಕುಡಿಕೆ ಸರಿಯಾಗಿ ಬೆಂದಿರಲಿಲ್ಲ, ಸಾಗರದ ಮಳೆಗೆ ತಳವೇ ಬಿಟ್ಟುಹೋಗಿತ್ತು. ಬಟ್ಟೆಯಲ್ಲಿ ಉಳಿದಷ್ಟನ್ನು ತುಂಗೆ, ಭದ್ರೆ ಸೇರುವ ಕೂಡ್ಲಿಗೆ ಒಯ್ದೆವು. ದಿನವೂ ಕಲ್ಲು ಕೆತ್ತುವ ನಾನು ಅಪ್ಪನಿಗೆ ಒಂದು ಗಟ್ಟಿ ಪಾತ್ರೆ ಕೊಡಲಿಲ್ಲವಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಬೆಂಗಳೂರಿನ ಗೆಳತಿ ಫೋನ್ ಮಾಡಿ, ಅಮ್ಮನ ಬೂದಿಯನ್ನು ವರ್ಷಾಂತಿಕದವರೆಗೆ ಇಟ್ಟುಕೊಳ್ಳುತ್ತೇನೆ, ಕಲ್ಲಿನಲ್ಲಿ ಏನಾದರೂ ಮಾಡಿಕೊಡ್ತೀಯಾ ಎಂದಾಗ ತಕ್ಷಣ ಒಪ್ಪಿಕೊಂಡೆ. ಕಲ್ಲಿನಲ್ಲಿ ಇಡಬಹುದಾ ಎಂದು ಅವಳ ದೊಡ್ಡಮ್ಮನಿಗೆ ಅನುಮಾನವಿತ್ತು. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾಹ್ವಾ ಬೌದ್ಧ ಸ್ತೂಪದಲ್ಲಿ ಅಸ್ಥಿಯ ಜೊತೆ ಸಿಕ್ಕ ಕರಂಡಕಗಳಲ್ಲಿ, ಅಂದರೆ ಮುಚ್ಚಳವಿರುವ ಭರಣಿಗಳಲ್ಲಿ, ಹೆಚ್ಚಿನವೂ ಬಳಪದ ಕಲ್ಲಿನವೇ ಎಂದು ಹೇಳಿದೆ.

ನಾನೂ ಬಳಪದ ಕಲ್ಲನ್ನೇ ಆರಿಸಿದೆ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಕಲ್ಲೂ ಇದೇ ಜಾತಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಬೇಕು. ಗಂಟೆಯ ಹಾಗೆ ನಾದ ಬಂದರೆ ಒಳಗೆ ಬಿರುಕಿಲ್ಲ, ದಬ್ ಎಂದರೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ವಿದ್ಯುತ್ ಚಿತಾಗಾರದಿಂದ ಬರುವ ದೊಡ್ಡವರ ಬೂದಿಗೆ ಸುಮಾರು 3 ಲೀಟರ್ ಜಾಗ ಬೇಕು. ಒಳಗೆ 14 ಸೆಂ.ಮೀ. ಅಗಲ, 20 ಸೆಂ.ಮೀ. ಆಳ ತೆಗೆದರೆ ಸಾಕಾಗುತ್ತದೆ.

ಆದರೆ ಮೂರ್ತಿ ಮಾಡುವವರಿಗೆ ಅಭ್ಯಾಸವಿರುವುದು ಹೊರಗಿನ ಕೆಲಸ. ಒಳಗನ್ನು ಟೊಳ್ಳು ಮಾಡುವುದು ಬೇರೆಯೇ ವಿದ್ಯೆ. ಮೊದಲ ಕಲ್ಲಿನಲ್ಲಿ ನಾನು ಹೊರಗೆಲ್ಲ ಹೂ ಕೆತ್ತಿ ಮುಗಿಸಿ ಆಮೇಲೆ ಒಳಗೆ ಕೈ ಹಾಕಿದೆ, ಇನ್ನೇನು ಮುಗಿಯಿತು ಅನ್ನುವಾಗ ಬಾಯಿಂದ ತಳದವರೆಗೆ ಸೀಳಿತು. ಎರಡು ದಿನ ಉಳಿ ಮುಟ್ಟಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅಜ್ಜಿ ತಂಬುಳಿ ಇಡುತ್ತಿದ್ದ ಕಲ್ಲು ಮರಿಗೆ. ಬೆರಳಾಡಿಸಿ ನೋಡಿದೆ. ತಳ ದಪ್ಪ, ಬಾಯಿ ತೆಳು, ಒಳಗೆ ಎಲ್ಲೂ ಮೂಲೆಯೇ ಇಲ್ಲ. ನಾನು ತಳದಲ್ಲಿ ಚೂಪು ಮೂಲೆ ಬಿಟ್ಟಿದ್ದೆ, ಸೀಳು ಶುರುವಾಗಿದ್ದೂ ಅಲ್ಲಿಂದಲೇ.

ಎರಡನೇ ಕಲ್ಲಿನಲ್ಲಿ ಒಳಗಿನದೇ ಮೊದಲು. ಒತ್ತೊತ್ತಾಗಿ ತೂತು ಕೊರೆದು, ನಡುವಿನ ಗೋಡೆಗಳನ್ನು ಸಣ್ಣ ಸಣ್ಣ ಏಟಿನಲ್ಲಿ ಉದುರಿಸಿ, ಬಾಗಿದ ಉಳಿಯಿಂದ ಹೆರೆದೆ. ಕಲ್ಲು ಸದಾ ಒದ್ದೆಯಾಗಿರಲಿ, ಮಾಸ್ಕ್ ಹಾಕಿಕೊಳ್ಳಿ. ಕೆಲವು ಬಳಪದ ಕಲ್ಲಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ, ಆ ಧೂಳು ಸುಮ್ನೆ ಬಿಡುವುದಿಲ್ಲ. 28 ಕೆಜಿ ಕಲ್ಲು ಮುಚ್ಚಳವೂ ಸೇರಿ 8 ಕೆಜಿಗೆ ಇಳಿಯಿತು. ರಾತ್ರಿಯಿಡೀ ನೀರು ತುಂಬಿಟ್ಟೆ, ಹನಿಯೂ ಒಸರಲಿಲ್ಲ. ಮುಚ್ಚಳವನ್ನು ನುಣ್ಣನೆ ಮರಳು, ನೀರು ಹಾಕಿ ಬಾಯಿಗೇ ಉಜ್ಜಿ ಕೂರಿಸಿದೆ. ಸಂದಿಗೆ ಜೇನುಮೇಣ. ಹೊರಗೆ ಒಂದೇ ಒಂದು ಸುರಗಿ ದಂಡೆ ಕೆತ್ತಿದೆ, ಗೆಳತಿಯ ಅಮ್ಮ ಮುಡಿಯುತ್ತಿದ್ದ ಹೂ.

ಗೆಳತಿಯ ಜೊತೆ ಹೋಗಿ ಅವರ ಬೂದಿಯನ್ನು ಕೂಡ್ಲಿಯಲ್ಲಿ ಬಿಟ್ಟ ಮೇಲೆ ಒಂದು ತೊಡಕಾಯಿತು. ಮಣ್ಣಿನ ಕುಡಿಕೆಯಾದರೆ ಅಲ್ಲೇ ಬಿಟ್ಟು ಹಿಂತಿರುಗಿ ನೋಡದೆ ಬರುತ್ತೇವೆ. ಇದನ್ನೇನು ಮಾಡುವುದು? ನೀರಿಗೆ ಹಾಕಲು ಇಬ್ಬರಿಗೂ ಮನಸ್ಸಾಗಲಿಲ್ಲ. ತುಂಗೆಯಲ್ಲಿ ತೊಳೆದು ವಾಪಸ್ ಒಯ್ದಳು.

ಈಗ ಕೇಳಿಕೊಂಡು ಬಂದವರಿಗೆ ಮೊದಲೇ ಕೇಳುತ್ತೇನೆ, ಬೂದಿ ಬಿಟ್ಟ ಮೇಲೆ ಭರಣಿ ಎಲ್ಲಿರಬೇಕು ಅಂತ. ಇಬ್ಬರು ಯೋಚಿಸಿ, ಮಣ್ಣಿನದೇ ಸಾಕು ಎಂದರು. ಕುಡಿಕೆಯನ್ನೂ ತಟ್ಟಿ, ನಾದ ಕೇಳಿ ಕೊಳ್ಳಿ ಎಂದು ಹೇಳಿ ಕಳಿಸಿದೆ.