ಅಬ್ಲಾಬ, ಕೊಮೀಆ: ಸ್ಪ್ಯಾನಿಶ್‌ನ ‘ಮಾಡುತ್ತಿದ್ದೆ’ ನನಗೆ ಒಲಿದ ಬಗೆ

ಸ್ಪ್ಯಾನಿಶ್ ಕಲಿಯುವವರು ಹೈರಾಣಾಗುವುದು ಭೂತಕಾಲಕ್ಕೆ ಬಂದಾಗ. ಆಗಿ ಮುಗಿದದ್ದಕ್ಕೆ ಒಂದು ರೂಪ, ಆಗುತ್ತಲೇ ಇದ್ದದ್ದಕ್ಕೆ ಇನ್ನೊಂದು. ಮೊದಲನೆಯದು ಪ್ರೆತೇರಿತೊ, ಎರಡನೆಯದು ಇಂಪೆರ್ಫೆಕ್ತೊ. ನನ್ನ ಕೆಲಸ ಬೆಂಗಳೂರಿನಲ್ಲಿ, ಮೆಕ್ಸಿಕೊ ಕಡೆಯ ಗ್ರಾಹಕರ ಜತೆ ಮಾತಾಡುವುದು. ಮನೆ ತುಮಕೂರು. ಹಾಗಾಗಿ ಈ ಇಂಪೆರ್ಫೆಕ್ತೊ ಬಹುಪಾಲು ರೈಲಿನಲ್ಲೇ, ಬಾಯೊಳಗೇ ಗೊಣಗಿಕೊಂಡು ಕಲಿತದ್ದು. ಪಕ್ಕದವರು ಮಂತ್ರ ಜಪಿಸುತ್ತಿದ್ದೇನೆ ಅಂದುಕೊಂಡಿರಬೇಕು.

ನಮಗೆ ಸಿಗುವ ಪುಸ್ತಕಗಳೆಲ್ಲ ಇಂಗ್ಲಿಷ್ ಮೂಲಕ ಕಲಿಸುತ್ತವೆ. ರೂಢಿಗೆ ‘ಯೂಸ್ಡ್ ಟು’, ನಡೆಯುತ್ತಿದ್ದ ಕೆಲಸಕ್ಕೆ ‘ವಾಸ್ ಈಟಿಂಗ್’, ಎರಡಕ್ಕೂ ಬೇರೆ ಬೇರೆ ಅಧ್ಯಾಯ. ಕನ್ನಡದವರಿಗೆ ಈ ಸುತ್ತುದಾರಿ ಯಾಕೆ? ‘ದಿನಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆ’ ಅಂದರೂ ತಿನ್ನುತ್ತಿದ್ದೆ, ‘ನೀನು ಫೋನ್ ಮಾಡಿದಾಗ ಇಡ್ಲಿ ತಿನ್ನುತ್ತಿದ್ದೆ’ ಅಂದರೂ ತಿನ್ನುತ್ತಿದ್ದೆ. ಸ್ಪ್ಯಾನಿಶ್‌ನಲ್ಲೂ ಎರಡೂ ಕಡೆ ಕೊಮೀಆ. ನಾನು ಇಂಗ್ಲಿಷ್ ಅಧ್ಯಾಯಗಳನ್ನು ಮುಚ್ಚಿಟ್ಟು ಕನ್ನಡದಿಂದಲೇ ನೇರವಾಗಿ ಹೊರಟೆ.

ರೂಪಗಳು ಸುಲಭ. ಅಬ್ಲಾರ್ ಅಂದರೆ ಮಾತಾಡು. ಕೊನೆಯ ‘ಆರ್’ ತೆಗೆದು ‘ಆಬ’ ಹಚ್ಚಿ: ನಾನು ಅಬ್ಲಾಬ, ನೀನು ಅಬ್ಲಾಬಾಸ್, ಅವನು ಅಥವಾ ಅವಳು ಅಬ್ಲಾಬ, ನಾವು ಅಬ್ಲಾಬಮೋಸ್, ಅವರು ಅಬ್ಲಾಬಾನ್. ಸ್ಪೇನ್‌ನಲ್ಲಿ ‘ನೀವೆಲ್ಲ’ ಅನ್ನಲು ಅಬ್ಲಾಬಾಯ್ಸ್ ಎಂಬ ಆರನೆಯ ರೂಪವಿದೆ. ಮೆಕ್ಸಿಕೊದಲ್ಲಿ ಬಳಸುವುದಿಲ್ಲವಾದ್ದರಿಂದ ಅದನ್ನು ಓದಿ ಗುರುತಿಸುವಷ್ಟಕ್ಕೆ ಬಿಟ್ಟೆ. ‘ಎರ್’, ‘ಇರ್’ ಕೊನೆಯ ಧಾತುಗಳಿಗೆ ಒಂದೇ ಅಚ್ಚು: ಕೊಮೇರ್ ಇದ್ದದ್ದು ಕೊಮೀಆ, ಕೊಮೀಆಸ್, ಕೊಮೀಆಮೋಸ್, ಕೊಮೀಆನ್, ಬಿಬೀರ್ (ವಾಸಿಸು) ಇದ್ದದ್ದು ಬಿಬೀಆ. ವರ್ತಮಾನದಲ್ಲಿ ಸ್ವರ ಬದಲಿಸಿ ಕಾಡುವ ಧಾತುಗಳೂ ಇಲ್ಲಿ ಸಾಧು. ದೊರ್ಮೀರ್ (ನಿದ್ರಿಸು) ವರ್ತಮಾನದಲ್ಲಿ ದ್ವೆರ್ಮೊ ಆಗುತ್ತದೆ, ಇಲ್ಲಿ ಸುಮ್ಮನೆ ದೊರ್ಮೀಆ. ನಿಯಮ ಮೀರುವವು ಇಡೀ ಭಾಷೆಯಲ್ಲಿ ಮೂರೇ ಧಾತು: ಇರು, ಹೋಗು, ನೋಡು. ಕ್ರಮವಾಗಿ ಏರ, ಈಬ, ಬೆಈಆ.

ಉಚ್ಚಾರಣೆಯಲ್ಲಿ ಒಂದು ಎಚ್ಚರ. ಎರಡು ಸ್ವರ ಎದುರಾದರೆ ನಡುವೆ ‘ಯ’ ತುರುಕುವುದು ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದದ್ದು. ಶಾಲೆಯಲ್ಲಿ ಯಕಾರಾಗಮ ಸಂಧಿ ಅಂತ ಅಂಕ ಬೇರೆ ಕೊಟ್ಟಿದ್ದಾರೆ. ಕೊಮೀಆ ಕೂಡ ‘ಕೊಮ್ಯ’ ಆಗಿಬಿಡುತ್ತದೆ. ಒತ್ತು ‘ಮೀ’ ಮೇಲೆ ಬೀಳಬೇಕು, ಆಮೇಲಿನ ‘ಆ’ ಬೇರೆಯಾಗಿಯೇ ಕೇಳಿಸಬೇಕು. ಬರೆಯುವಾಗ ಆ ‘ಈ’ ಮೇಲೆ ಎಲ್ಲ ರೂಪಗಳಲ್ಲೂ ಗೀಟು ಹಾಕುತ್ತಾರೆ. ‘ಆಬ’ ಗುಂಪಿನಲ್ಲಿ ಗೀಟು ಇರುವುದು ‘ನಾವು’ ರೂಪಕ್ಕೆ ಮಾತ್ರ. ಇನ್ನೊಂದು, ನಾನು ಮತ್ತು ಅವನು ಎರಡಕ್ಕೂ ಅಬ್ಲಾಬ ಆಗಿರುವುದರಿಂದ ಗೊಂದಲವಾಗುವ ಕಡೆ ‘ಯೊ’, ‘ಎಲ್’ ಎಂದು ಕರ್ತೃವನ್ನು ಹೇಳಲೇಬೇಕು.

ಕೋಷ್ಟಕ ಉರುಹೊಡೆದರೆ ಪರೀಕ್ಷೆಗೆ ಸಾಕು, ಬಾಯಿಗೆ ಬರುವುದಿಲ್ಲ. ಅದಕ್ಕೆ ನಾನು ಹಿಡಿದದ್ದು ತಿಪಟೂರು ಕಡೆಯ ನಮ್ಮಜ್ಜನ ಮನೆಯ ಕೊಬ್ಬರಿ ಅಟ್ಟ. ಕಾಲ ಕಳೆದುಹೋದ, ದಿನಾ ನಡೆಯುತ್ತಿದ್ದ ಸಂಗತಿ ಅಲ್ಲಿ ಬೇಕಾದಷ್ಟಿತ್ತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಿದ್ದರು: ಗ್ವಾರ್ದಾಬಾನ್ ಲೋಸ್ ಕೋಕೋಸ್. ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಜ್ಜ ಒಂದೊಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು, ಕೇಳುತ್ತಿದ್ದರು: ಸಕುದೀಆ ಎಲ್ ಕೋಕೊ ಇ ಎಸ್ಕುಚಾಬ. ಒಳಗೆ ಗಡಗಡ ಅಂದರೆ ಸುಲಿಯಲು ಸಿದ್ಧ. ಇಷ್ಟರಲ್ಲೇ ‘ಆರ್’ ಮತ್ತು ‘ಇರ್’ ಎರಡೂ ಗುಂಪು ಬಂದವು ನೋಡಿ. ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ, ದಾಬಸ್‌ಪೇಟೆ ಬರುವಷ್ಟರಲ್ಲಿ ಅಟ್ಟದ ಕಥೆ ಒಂದು ಸುತ್ತು ಮುಗಿಯುತ್ತಿತ್ತು. ಆಮೇಲೆ ಕರ್ತೃ ಬದಲಿಸಿ ಮತ್ತೆ ಮೊದಲಿಂದ.

ಈ ಕಥೆ ಕೇಳಿದ ಮೆಕ್ಸಿಕೊದ ಸಹೋದ್ಯೋಗಿಯೊಬ್ಬರು ಅಟ್ಟಕ್ಕೆ ‘ತಪಾಂಕೊ’ ಎಂಬ ತಮ್ಮ ಕಡೆಯ ಮಾತು ಕೊಟ್ಟರು. ಅವರೇ ಹೇಳಿದ್ದು, ಮೆಕ್ಸಿಕೊದ ಶಾಲೆಗಳಲ್ಲಿ ಈ ಕಾಲಕ್ಕೆ ಇಂಪೆರ್ಫೆಕ್ತೊ ಅನ್ನುವುದಿಲ್ಲ, ಕೊಪ್ರೆತೇರಿತೊ ಅನ್ನುತ್ತಾರೆ ಎಂದು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ್ದ ಆಂದ್ರೆಸ್ ಬೆಯೊ 1847ರ ತಮ್ಮ ವ್ಯಾಕರಣದಲ್ಲಿ ಬಳಸಿದ ಹೆಸರು ಅದು. ಹಿಂದೆ ನಡೆದ ಇನ್ನೊಂದು ಸಂಗತಿಯ ಜತೆಜತೆಗೇ ಇದ್ದದ್ದು ಅಂತ ಅರ್ಥ. ನನ್ನ ಮಟ್ಟಿಗೆ ‘ಅಪೂರ್ಣ’ ಅನ್ನುವುದಕ್ಕಿಂತ ಇದೇ ವಾಸಿ. ‘ಅಜ್ಜಿ ಅಡುಗೆ ಮಾಡುತ್ತಿದ್ದಾಗ ಅಟ್ಟ ಮುರಿಯಿತು’: ಅಡುಗೆ ಕೊಸಿನಾಬ, ಹಿನ್ನೆಲೆ, ಮುರಿದದ್ದು ಸೆ ರೊಂಪ್ಯೊ, ಘಟನೆ.

ಹಾಗಂತ ಕನ್ನಡ ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ಆಗ ನಾನು ಶಿರಾದಲ್ಲಿದ್ದೆ’, ‘ಮೂರು ವರ್ಷ ಶಿರಾದಲ್ಲಿದ್ದೆ’ ಎರಡರಲ್ಲೂ ನಮ್ಮದು ‘ಇದ್ದೆ’. ಸ್ಪ್ಯಾನಿಶ್‌ನಲ್ಲಿ ಮೊದಲನೆಯದು ಬಿಬೀಆ, ಎರಡನೆಯದು ಬಿಬೀ. ಇಷ್ಟು ಕಾಲ ಎಂದು ಬೇಲಿ ಹಾಕಿ ಮುಗಿಸಿದರೆ ಪ್ರೆತೇರಿತೊ. ‘ರಾತ್ರಿಯಿಡೀ ಮಳೆ ಸುರಿಯುತ್ತಿತ್ತು’ ಎಂದು ನಾವು ಹೇಳಿದರೂ, ಬೆಳಗಾಗುವಷ್ಟರಲ್ಲಿ ನಿಂತ ಮಳೆಯ ಸುದ್ದಿಯನ್ನು ಅವರು ಯೊಬ್ಯೊ ಎಂದೇ ಮುಗಿಸುತ್ತಾರೆ. ನಾನು ತಡವರಿಸುವುದು ಈಗಲೂ ಇಲ್ಲೇ.

ಬದಲಿಗೆ ಇಂಗ್ಲಿಷ್ ಮೂಲಕ ಕಲಿಯುವವರು ತಿಣುಕುವ ಸಬೀಆ ಮತ್ತು ಸೂಪೊ ನಮಗೆ ನೀರು ಕುಡಿದಷ್ಟು ಸಲೀಸು. ಸಬೀಆ ಅಂದರೆ ಅವನಿಗೆ ಗೊತ್ತಿತ್ತು, ಸೂಪೊ ಅಂದರೆ ಗೊತ್ತಾಯಿತು. ಕೊನೊಸೀಆ ಪರಿಚಯವಿತ್ತು, ಕೊನೊಸ್ಯೊ ಪರಿಚಯವಾಯಿತು. ವಿವರಣೆಯೇ ಬೇಡ.

ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಕೆರೀಆ. ಅಂಗಡಿಗೆ ಹೋಗಿ ‘ಅಣ್ಣ, ಒಂದು ಕೇಜಿ ಬೆಲ್ಲ ಬೇಕಿತ್ತು’ ಅನ್ನುತ್ತೇವಲ್ಲ, ಬೇಕಿರುವುದು ಈಗಲೇ ಆದರೂ? ಅವರೂ ಹಾಗೇ, ಮೃದುವಾಗಿ ಕೇಳಲು ‘ಕೆರೀಆ’ ಅನ್ನುತ್ತಾರೆ. ಗ್ರಾಹಕರು ‘ಕೆರೀಆ ಪ್ರೆಗುಂತಾರ್’ ಅಂತ ಶುರುಮಾಡಿದರೆ ಹಿಂದೆ ಯಾವಾಗಲೋ ಕೇಳಬೇಕೆಂದಿದ್ದ ಪ್ರಶ್ನೆ ಎಂದುಕೊಂಡು ಕೂರಬಾರದು, ಈಗಲೇ ಕೇಳುತ್ತಿದ್ದಾರೆ. ಹೊಸದಾಗಿ ಸೇರುವ ನಮ್ಮ ಕಡೆಯ ಹುಡುಗರಿಗೆ ನಾನು ಇಂಪೆರ್ಫೆಕ್ತೊ ಹೇಳಿಕೊಡುವುದು ಈ ಬೆಲ್ಲದಿಂದಲೇ, ಅಬ್ಲಾಬ ಆಮೇಲೆ.