ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಡೇರೆ ಹೂ

"ಅಲ್ಲಿ ಹೂವಿನ ಗಿಡ ಇಟ್ಟರೆ ಅಡಿಕೇನ ನಿನ್ನ ತಲೆ ಮೇಲೆ ಒಣಗಿಸಲಾ?" ಎಂದು ನಮ್ಮನೆಯವರು ಕೇಳಿದ್ದು ಮೂರು ವರ್ಷದ ಹಿಂದೆ. ಈ ಸಲ ಚೌತಿಗೆ ಬಂದ ನೆಂಟರನ್ನೆಲ್ಲ ಚಹಾ ಕುಡಿಯಲೂ ಬಿಡದೆ ಅಲ್ಲಿಗೆ ಕರೆದುಕೊಂಡು ಹೋದವರೂ ಅವರೇ.

ಶಿರಸಿ ಕಡೆ ಡೇರೆ, ಅಂದರೆ ಡೇಲಿಯಾ ಹೂ, ಬೆಳೆಸುವವರಿಗೆ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೆಕ್ಸಿಕೋದ ಗುಡ್ಡದ ಗಿಡಕ್ಕೆ ನಮ್ಮ ಮಳೆಗಾಲದ ತಂಪು ಹೇಳಿ ಮಾಡಿಸಿದ ಹಾಗಿದೆ. ಆದರೆ ತಂಪಿನ ಜೊತೆ ಹತ್ತಿರತ್ತಿರ 100 ಇಂಚು ಮಳೆಯೂ ಬರುತ್ತದಲ್ಲ! ಅಂಗಳದ ಗಿಡಗಳು ಆರಿದ್ರೆ ಮಳೆಯಲ್ಲಿ ಸೊಂಪಾಗಿ ಎದ್ದು, ಪುಷ್ಯ ಮಳೆಯಲ್ಲಿ ಬುಡ ಕೊಳೆತು ಮಲಗುತ್ತಿದ್ದವು. ಒಂದು ವರ್ಷ 30 ಗೆಡ್ಡೆ ನೆಟ್ಟು ಹೂ ಕಂಡದ್ದು ಏಳೋ ಎಂಟೋ ಗಿಡದಲ್ಲಿ. ಅವೂ ನೀರು ಕುಡಿದು ಕುತ್ತಿಗೆ ಮುರಿದುಕೊಂಡವು.

ಮನೆ ಹಿಂದಿನ ಪ್ಲಾಸ್ಟಿಕ್ ಮನೆ ಜೂನ್‌ನಿಂದ ಅಡಿಕೆ ಕೊನೆಕೊಯ್ಲಿನ ತನಕ ಖಾಲಿ. ಒಂದಿಷ್ಟು ಕಟ್ಟಿಗೆ, ಹರಿದ ತಾಡಪಾಲು, ಮರಿ ಹಾಕಿದ ಬೆಕ್ಕು, ಇಷ್ಟೇ. ಅಲ್ಲೇ ಚೀಲಗಳಲ್ಲಿ ನೆಟ್ಟೆ.

ಮೊದಲ ವರ್ಷ ಪೂರ್ತಿ ಮಣ್ಣುಪಾಲು. ಸುತ್ತ ಪ್ಲಾಸ್ಟಿಕ್ ಮುಚ್ಚಿದ್ದೇ ತಪ್ಪು. ಮಧ್ಯಾಹ್ನ ಮಳೆ ಬಿಟ್ಟು ಸ್ವಲ್ಪ ಹೊಳವಾದರೂ ಒಳಗೆ ಹಪ್ಪಳ ಒಣಗುವಷ್ಟು ಸೆಕೆ. ಗಿಡ ಐದಡಿ ಸಣಕಲಾಗಿ ಬೆಳೆಯಿತು, ಎಲೆ ಮೇಲೆ ಬೂದಿ ರೋಗ, ಅಡಿಯಲ್ಲಿ ನುಸಿ. ಹೊರಗಿದ್ದರೆ ನುಸಿಯನ್ನು ಮಳೆಯೇ ತೊಳೆದುಬಿಡುತ್ತಿತ್ತು. ಆನ್‌ಲೈನಿನಲ್ಲಿ ಒಂದಕ್ಕೆ 150 ರೂಪಾಯಿ ಕೊಟ್ಟು ತರಿಸಿದ 12 ಗೆಡ್ಡೆಗಳಲ್ಲಿ ಐದಕ್ಕೆ ಮೊಳಕೆ ಬರುವ ಕಣ್ಣೇ ಇರಲಿಲ್ಲ. ಕಣ್ಣಿರುವುದು ಕುತ್ತಿಗೆಯಲ್ಲಿ, ಅದನ್ನೇ ಕತ್ತರಿಸಿ ಕಳಿಸಿದರೆ ಪಲ್ಯ ಮಾಡಬೇಕಷ್ಟೆ. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ.

ಎರಡನೇ ವರ್ಷ ಬದಿಯ ಪ್ಲಾಸ್ಟಿಕ್ಕನ್ನು ಮೂರು ಅಡಿ ಮೇಲಕ್ಕೆ ಸುತ್ತಿ ಕಟ್ಟಿದೆ. ಗಾಳಿಯ ಜೊತೆ ಬಸವನಹುಳವೂ ಒಳಗೆ ಬಂತು. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿದ್ದೇ ಹಾಕಿದ್ದು, ಒಂದೇ ರಾತ್ರಿ 60ರ ಮೇಲೆ ಸಿಕ್ಕವು. ಆಮೇಲೆ ಹೊಳೆಯಿತು: ಹೊರಗೆ ಒಂದೇ ಮಳೆಗೆ ತೊಳೆದುಹೋಗುವ ಒಲೆಬೂದಿ ಇಲ್ಲಿ ಒಣಗಿಯೇ ಇರುತ್ತದಲ್ಲ! ಚೀಲದ ಸುತ್ತ ಬೂದಿಯ ಉಂಗುರ ಹಾಕಿದೆ. ಹುಳದ ಕಾಟ ಮುಕ್ಕಾಲು ಭಾಗ ನಿಂತಿತು.

ಮಣ್ಣು ಎರಡು ಬುಟ್ಟಿ ಕೆಮ್ಮಣ್ಣಾದರೆ ಒಂದು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಸುಟ್ಟ ಭತ್ತದ ಹೊಟ್ಟು. ತೋಟದ ಜಿಗಟು ಮಣ್ಣು ಬೇಡವೇ ಬೇಡ. ಹೊರಗೆ ಧೋ ಎಂದು ಸುರಿಯುವಾಗ ನಾನು ಒಳಗೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರೆ ಅತ್ತೆಗೆ ನಗು. ಎರಡು ದಿನಕ್ಕೊಂದು ಚೊಂಬು, ಅಷ್ಟೇ ಸಾಕು. ಆಧಾರಕ್ಕೆ ಅಡಿಕೆ ಮರ ಸೀಳಿದ ದಬ್ಬೆ. ಮೊಗ್ಗು ಬಟಾಣಿಯಷ್ಟಾದಾಗ ಪಕ್ಕದ ಎರಡನ್ನು ಚಿವುಟಿ, ಬುಡಕ್ಕೆ ಒಂದು ಕಷಾಯ ಹಾಕುತ್ತೇನೆ. ಅದು ಏನೆಂದು ನನ್ನ ಅತ್ತಿಗೆಗೂ ಹೇಳಿಲ್ಲ.

ನಡುವೆ ಒಂದು ಪ್ರಯೋಗ. ಅಡಿಕೆ ಮರ ಹತ್ತುವ ಕೊನೆಗೌಡ ಹೊಡೆದು ಉಳಿಸಿದ ಕೊಳೆ ರೋಗದ ಔಷಧಿಯನ್ನು, ಅಂದರೆ ಮೈಲುತುತ್ತು ಸುಣ್ಣದ ನೀರನ್ನು, ಹಾಗೇ ಡೇರೆಗೆ ಹೊಡೆದೆ. ಎಳೆ ಎಲೆಯ ಅಂಚೆಲ್ಲ ಕರಕಲು. ಅರ್ಧಕ್ಕರ್ಧ ನೀರು ಬೆರೆಸಿದರೆ ತಡೆದುಕೊಳ್ಳುತ್ತದೆ. ಬಿಳಿ ಹೂವಿನ ಮೇಲೆ ಮೈಲುತುತ್ತಿನ ಚುಕ್ಕೆ ಕಂಡು ಒಬ್ಬರು "ನೀಲಿ ಡೇರೆ ಎಲ್ಲಿ ಸಿಕ್ತು?" ಎಂದು ಕೇಳಿದರು. ಡೇರೆಯಲ್ಲಿ ನೀಲಿ ಬಣ್ಣವೇ ಇಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ. ಬೀಜ ಬಿತ್ತಿಯೂ ನೋಡಿದೆ. ತಾಯಿಯಂತೆ ಒಂದೂ ಬರಲಿಲ್ಲ, ಬಹುಪಾಲು ಒಂದೇ ಸುತ್ತು ಎಸಳಿನವು. ಜೇನುಹುಳಕ್ಕೆ ಮಾತ್ರ ಅವೇ ಇಷ್ಟ, ಹಾಗಾಗಿ ಕೀಳಲಿಲ್ಲ.

ಕೊಯ್ಲು ಶುರುವಾದಾಗ ಚೀಲಗಳನ್ನು ಹೊರಗಿಟ್ಟು ಕಾಂಡ ಕತ್ತರಿಸಿದ್ದೆ. ಕಾರ್ತಿಕದಲ್ಲಿ ಅಕಾಲ ಮಳೆ ಬಂತು. ಡೇರೆ ಕಾಂಡ ಟೊಳ್ಳು ನೋಡಿ, ಪ್ರತಿ ಮೋಟಿನಲ್ಲೂ ಲೋಟದಲ್ಲಿ ನಿಂತಂತೆ ನೀರು. ಬಗ್ಗಿಸಿದರೆ ಹುಳಿ ಗಂಜಿಯ ವಾಸನೆ, ಕೆಳಗೆ ಗೆಡ್ಡೆ ಲೋಳೆ. ಹತ್ತು ಹೋದವು. ಈಗ ಕತ್ತರಿಸಿದ ಕೂಡಲೇ ಮೋಟಿನ ಬಾಯಿಗೆ ಜೇಡಿಮಣ್ಣು ಮೆತ್ತುತ್ತೇನೆ.

ಮೂರು ವರ್ಷಕ್ಕೆ ಚೀಲ, ಗೆಡ್ಡೆ, ಗೊಬ್ಬರ ಸೇರಿ ಐದು ಸಾವಿರದ ಆಸುಪಾಸು ಹೋಗಿದೆ. ಮೇ ತಿಂಗಳಲ್ಲಿ ಬೇರು ಬರಿಸಿದ ಟಿಸಿಲುಗಳನ್ನು 40 ರೂಪಾಯಿಯಂತೆ ಮಾರಿದ್ದರಿಂದ ಮೂರು ಸಾವಿರದಷ್ಟು ಬಂತು. ಈ ಸಲ 40 ಚೀಲದಲ್ಲಿ 36 ಗಿಡ ಉಳಿದು, ಚೌತಿ ದಿನ ದೊಡ್ಡ ಬಿಳಿ ಹೂವಿಗೆ ಹೊಲಿಗೆ ಟೇಪು ಹಿಡಿದರೆ ಒಂಬತ್ತು ಇಂಚು.

ನಗುತ್ತಿದ್ದ ಅತ್ತೆ ತವರಿಗೆ ಕೊಡಲು ಅದರ ಗೆಡ್ಡೆ ಬೇಕು ಎನ್ನುತ್ತಿದ್ದಾರೆ. ಅವರ ತವರಲ್ಲೊಂದು ಕಪ್ಪುಗೆಂಪು ಡೇರೆ ಇದೆ, ಆರು ವರ್ಷದಿಂದ ಕೇಳುತ್ತಿದ್ದೇನೆ, "ಕೊಳೆತುಹೋಯ್ತು" ಎನ್ನುತ್ತಲೇ ಇದ್ದಾರೆ. ಅದು ಬರಲಿ, ಆಮೇಲೆ ಬಿಳಿ.